ಆಫ್ ಬಾಯಿಲ್‌ನಲ್ಲಿ ಕುದಿಯುವುದು ಯಾವುದು?

ಸಂಜೆ ಆರು ಗಂಟೆ ದಾಟಿತೆಂದರೆ ಚಿಂತಾಮಣಿಯ ರಸ್ತೆ ಬದಿಯ ಗಾಡಿಗಳಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಟ್ಯೂಷನ್ ಮುಗಿಸಿ ಬಂದ ಹುಡುಗರು, ಟೊಮೆಟೊ ಮಂಡಿಯಲ್ಲಿ ಬೆಳಗಿನಿಂದ ಹೊತ್ತು ದಣಿದ ಹಮಾಲರು, ಊರಿನ ಬಸ್ಸಿಗೆ ಕಾಯುತ್ತಿರುವ ರೈತರು ಗಾಡಿಯ ಸುತ್ತ ನಿಂತು "ಅಣ್ಣಾ, ಒಂದು ಆಫ್ ಬಾಯಿಲ್" ಎನ್ನುತ್ತಾರೆ. ಗಾಡಿಯವರು ಕಾದ ಕಾವಲಿಯ ಮೇಲೆ ನಾಲ್ಕು ಹನಿ ಎಣ್ಣೆ ಬಿಡುತ್ತಾರೆ. ಮೊಟ್ಟೆಯನ್ನು ಅಂಚಿಗೆ ತಟ್ಟಿ, ಹಳದಿ ಒಡೆಯದ ಹಾಗೆ ಮೆಲ್ಲಗೆ ಸುರಿಯುತ್ತಾರೆ. ಚುಂಯ್ ಎಂದು ಸದ್ದಾಗುತ್ತದೆ. ಉಪ್ಪು, ಮೆಣಸಿನ ಪುಡಿ ಉದುರಿಸಿ, ಒಂದು ನಿಮಿಷ ಬಿಟ್ಟು, ತಿರುವಿ ಹಾಕದೆ ಹಾಗೆಯೇ ತಟ್ಟೆಗೆ ಜಾರಿಸುತ್ತಾರೆ. ತಿರುವಿ ಹಾಕಿ ಹಳದಿಯನ್ನೂ ಗಟ್ಟಿ ಮಾಡಿದರೆ ಅದು 'ಫುಲ್ ಬಾಯಿಲ್'.

ಈ ಇಡೀ ಕೆಲಸದಲ್ಲಿ ನೀರಿನ ಪಾತ್ರೆಯಿಲ್ಲ, ಕುದಿಯುವ ನೀರಿಲ್ಲ. ಆದರೂ ಹೆಸರು 'ಬಾಯಿಲ್'. ಇದೆಂಥ ವಿಚಿತ್ರ!

ಈ ವಿಚಿತ್ರ ಒಂದು ಮನೆಯಲ್ಲಿ ಸಣ್ಣದೊಂದು ನೋವಿಗೆ ಕಾರಣವಾಯಿತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳ ತಂದೆಗೆ ಇಂಥದ್ದೇ ಒಂದು ಗಾಡಿ. ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ 'ನನ್ನ ತಂದೆ' ಎಂಬ ವಿಷಯ ಕೊಟ್ಟಿದ್ದರು. ತಂದೆ ಬಿಸಿ ಕಾವಲಿಯ ಮೇಲೆ ಎಣ್ಣೆ ಹಾಕಿ ಹಾಫ್ ಬಾಯಿಲ್ ಮಾಡುತ್ತಾರೆ ಎಂದು ಅವಳು ಬರೆದಳು. ಉತ್ತರಪತ್ರಿಕೆ ವಾಪಸು ಬಂದಾಗ ಆ ಪದದ ಸುತ್ತ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ 'ಫ್ರೈಡ್ ಎಗ್' ಎಂಬ ತಿದ್ದುಪಡಿ. ಹೋದದ್ದು ಅರ್ಧ ಅಂಕ ಮಾತ್ರ. ಆದರೆ ಆ ಸಾಲನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿತ್ತು. ಎಣ್ಣೆಯಲ್ಲಿ ಬಾಯಿಲ್ ಮಾಡುವ ಅಪ್ಪ!

ಮನೆಗೆ ಬಂದವಳೇ ತಂದೆಗೆ ಹೇಳಿದಳು: "ನಾಯ್ನಾ, ಗಾಡಿ ಮೇಲಿನ ಬೋರ್ಡು ಬದಲಾಯಿಸು."

"ಯಾಕಮ್ಮಾ, ಬೋರ್ಡಿಗೇನಾಯ್ತು?"

"ಆಫ್ ಬಾಯಿಲ್ ಅನ್ನೋದೇ ತಪ್ಪಂತೆ. ಎಲ್ಲಾ ನಗ್ತಾರೆ."

ತಂದೆ ಏನೂ ಹೇಳಲಿಲ್ಲ. ಆ ಬೋರ್ಡನ್ನು ಅವರು ಬರೆಸಿದ್ದು ಮಗಳು ಹುಟ್ಟುವುದಕ್ಕೂ ಮೊದಲು. ಅಂದು ರಾತ್ರಿ ಗಿರಾಕಿಗಳು ಆಫ್ ಬಾಯಿಲ್ ಕೇಳಿದಾಗಲೆಲ್ಲ ಅವರು ಒಂದು ಕ್ಷಣ ತಡೆದು, ಆಮೇಲೆ ಮೊಟ್ಟೆಗೆ ಕೈ ಹಾಕುತ್ತಿದ್ದರು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಶಿಕ್ಷಕರು ತಿದ್ದಿದ್ದು ಸರಿಯಾಗಿಯೇ ಇತ್ತು. ಇಂಗ್ಲಿಷ್ ಮಾತೃಭಾಷೆಯವರು ಇದನ್ನು ಫ್ರೈಡ್ ಎಗ್ ಎನ್ನುತ್ತಾರೆ. 'ಬಾಯಿಲ್ಡ್' ಎಂದರೆ ಅವರಿಗೆ ಚಿಪ್ಪಿನ ಸಮೇತ ನೀರಿನಲ್ಲಿ ಬೇಯಿಸಿದ್ದು. ಪರದೇಶಕ್ಕೆ ಹೋಗಿ ಹೋಟೆಲಿನಲ್ಲಿ ಹಾಫ್ ಬಾಯಿಲ್ ಕೇಳಿದವರಿಗೆ ಮೆತ್ತಗೆ ಬೇಯಿಸಿದ ಚಿಪ್ಪಿನ ಮೊಟ್ಟೆ ಬಂದರೆ ಮಾಣಿಯನ್ನು ದೂರುವಂತಿಲ್ಲ. ಆದರೆ ಇಂಗ್ಲಿಷಿನಲ್ಲಿ ತಪ್ಪಾದದ್ದು ಚಿಂತಾಮಣಿಯ ಗಾಡಿಯ ಮುಂದೆಯೂ ತಪ್ಪೇ? ಪ್ರಶ್ನೆ ಇರುವುದು ಇಲ್ಲಿ.

ನಮ್ಮ ಅಡುಗೆಮನೆಯ ಕ್ರಿಯಾಪದಗಳನ್ನು ಒಮ್ಮೆ ನೋಡೋಣ. ಕುದಿ, ಬೇಯು, ಹುರಿ, ಕರಿ, ಸುಡು, ಬಾಡಿಸು, ಕಾಯಿಸು. ಬೋಂಡವನ್ನು ಕರಿಯುತ್ತೇವೆ. ಕಡಲೆಕಾಯಿಯನ್ನು ಹುರಿಯುತ್ತೇವೆ. ಹಸಿ ಕಡಲೆಕಾಯಿಯಾದರೆ ಬೇಯಿಸುತ್ತೇವೆ. ಚಿಂತಾಮಣಿ ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇವುಗಳಲ್ಲಿ 'ಕುದಿ' ಮತ್ತು 'ಬೇಯು' ಎಂಬ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ನೀರು ಕುದಿಯುತ್ತದೆ, ಹಾಲು ಕುದಿಯುತ್ತದೆ, ಸಾರು ಕುದಿಯುತ್ತದೆ. ಆದರೆ ಅಕ್ಕಿ ಬೇಯುತ್ತದೆ, ಬೇಳೆ ಬೇಯುತ್ತದೆ, ಮೊಟ್ಟೆ ಬೇಯುತ್ತದೆ. ಮೊಟ್ಟೆ ಕುದಿಯಿತು ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ನೀರಿಗೂ 'ಬಾಯಿಲ್', ಅದರೊಳಗಿನ ಮೊಟ್ಟೆಗೂ 'ಬಾಯಿಲ್'. ಭೌತವಿಜ್ಞಾನದ ದೃಷ್ಟಿಯಿಂದ ಕನ್ನಡದ ಮಾತೇ ಹೆಚ್ಚು ಕರಾರುವಾಕ್ಕು. ಕುದಿಯುವುದೆಂದರೆ ದ್ರವವೊಂದು ಗುಳ್ಳೆ ಗುಳ್ಳೆಯಾಗಿ ಆವಿಯಾಗುವುದು. ಚಿಪ್ಪಿನೊಳಗಿನ ಮೊಟ್ಟೆ ಹಾಗೆ ಗುಳ್ಳೆಯೇಳುವುದಿಲ್ಲ, ಸುಮ್ಮನೆ ಗಟ್ಟಿಯಾಗುತ್ತದೆ.

ಇನ್ನೊಂದು ವಿಶೇಷವೂ ಉಂಟು. 'ಬೇಯು' ಎಂಬುದಕ್ಕೆ ನೀರೇ ಬೇಕೆಂದಿಲ್ಲ. ಇಡ್ಲಿ ಹಬೆಯಲ್ಲಿ ಬೇಯುತ್ತದೆ. ದೋಸೆ ಕಾವಲಿಯ ಮೇಲೆ ಬೇಯುತ್ತದೆ. "ಇನ್ನೂ ಬೆಂದಿಲ್ಲ, ತಾಳು" ಎಂದು ತಾಯಿ ಹೇಳುವುದು ರೊಟ್ಟಿಗೂ ಸರಿ, ಅನ್ನಕ್ಕೂ ಸರಿ. ಹೇಗೆ ಬೆಂದಿತು ಎಂಬುದು ಆ ಪದಕ್ಕೆ ಮುಖ್ಯವಲ್ಲ. ಹಸಿ ಹೋಯಿತೋ ಇಲ್ಲವೋ ಎಂಬುದು ಮುಖ್ಯ. ಬೇಗೆ, ಬೇಸಿಗೆ ಎಂಬ ಪದಗಳೂ ಇದೇ ಬೇರಿನವು. ಅಲ್ಲಿ ನೀರಿನ ಸುಳಿವೇ ಇಲ್ಲ, ಇರುವುದು ಬರಿಯ ಕಾವು.

ಚಿಂತಾಮಣಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೈವಾರದ ತಾತಯ್ಯನವರು ತೆಲುಗು ಕನ್ನಡ ಎರಡರಲ್ಲೂ ಹಾಡಿದ ನೆಲ ಇದು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಸಂತೆಯಲ್ಲಿ ಎರಡೂ ಎಂಬಂತೆ ಇಲ್ಲಿನ ಮಕ್ಕಳು ಭಾಷೆಯನ್ನು ಬದಲಾಯಿಸುತ್ತಾರೆ. ನಮ್ಮ ಹುಡುಗಿಯ ಮನೆಮಾತೂ ತೆಲುಗು. ಅಡುಗೆಮನೆಯಿಂದ ಅವಳ ಅಜ್ಜಿ "ಗುಡ್ಡು ವೇಗಿಂದಾ?" ಎಂದು ಕೇಳುತ್ತಾರೆ, ಮೊಟ್ಟೆ ಎಣ್ಣೆಯಲ್ಲಿ ಹುರಿದದ್ದು ಆಯಿತೇ ಎಂದು ಅರ್ಥ. ತೆಲುಗಿನ 'ವೇಗು' ಹುರಿಯುವುದಕ್ಕೆ ಸಂಬಂಧಿಸಿದ್ದು. ನೀರಿನಲ್ಲಿ ಬೇಯುವುದಕ್ಕೆ 'ಉಡುಕು' ಎಂಬ ಬೇರೆ ಪದವಿದೆ.

ಈಗ ಸೋಜಿಗ ನೋಡಿ. ಕನ್ನಡದ ಬೆಳ್ಳಿ ತೆಲುಗಿನಲ್ಲಿ ವೆಂಡಿ. ಕನ್ನಡದ ಬೇರು ತೆಲುಗಿನಲ್ಲಿ ವೇರು. ಬೇಸಿಗೆ ಅಲ್ಲಿ ವೇಸವಿ. ಹಳೆಯ ದ್ರಾವಿಡ ಪದಗಳ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಯಿತೆಂದು ಭಾಷಾಶಾಸ್ತ್ರ ಹೇಳುತ್ತದೆ. ಅದೇ ಲೆಕ್ಕದಲ್ಲಿ ಕನ್ನಡದ 'ಬೇಯು', ತೆಲುಗಿನ 'ವೇಗು', ತಮಿಳಿನ 'ವೇಗು' ಒಂದೇ ಬೇರಿನ ಚಿಗುರುಗಳು. ಟಿ. ಬರೋ ಮತ್ತು ಎಂ.ಬಿ. ಎಮೆನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಇಂಥ ನೆಂಟಸ್ತಿಕೆಗಳ ದೊಡ್ಡ ಭಂಡಾರ. ಒಂದೇ ಬೇರು, ಕನ್ನಡದ ಮನೆಯಲ್ಲಿ ಅದು ನೀರಿನ ಪಾತ್ರೆಯ ಮೇಲೂ ಕಾವಲಿಯ ಮೇಲೂ ಓಡಾಡುತ್ತದೆ, ತೆಲುಗಿನ ಮನೆಯಲ್ಲಿ ಎಣ್ಣೆಯ ಬಾಣಲೆಯಲ್ಲಿ ನಿಂತಿದೆ. ಎರಡು ಭಾಷೆಗಳೂ ಕೂಡಿ ಬಾಳುವ ಊರಿನಲ್ಲಿ ಮೂರನೆಯದಾಗಿ 'ಬಾಯಿಲ್' ಬಂದಾಗ ಜನ ಅದನ್ನು ಎಲ್ಲಿ ಕೂರಿಸಿದರು? 'ಬೇಯು' ಎಂಬ ಪೀಠದ ಮೇಲೆ. ಅರ್ಧ ಬೆಂದದ್ದು ಆಫ್ ಬಾಯಿಲ್, ಪೂರಾ ಬೆಂದದ್ದು ಫುಲ್ ಬಾಯಿಲ್. ತಮಿಳುನಾಡಿನಲ್ಲೂ ಇದೇ ಹೆಸರು ಬಳಕೆಯಲ್ಲಿದೆ. 'ಅರೆಬೆಂದದ್ದು' ಎನ್ನುವುದಕ್ಕೆ ಅವರಲ್ಲಿ 'ಅರೈ ವೇಕ್ಕಾಡು' ಎಂಬ ಮಾತೂ ಇದೆ. ಹೀಗಿರುವಾಗ ಆಫ್ ಬಾಯಿಲನ್ನು ಕೆಟ್ಟ ಇಂಗ್ಲಿಷ್ ಎನ್ನುವುದಕ್ಕಿಂತ, ಇಂಗ್ಲಿಷ್ ಅಂಗಿ ತೊಟ್ಟ ನಮ್ಮದೇ ಪದ ಎನ್ನುವುದು ಹೆಚ್ಚು ಸರಿಯೆಂದು ತೋರುತ್ತದೆ.

ಬೇರೆಯವರು ಇದನ್ನು ಏನೆಂದು ಕರೆಯುತ್ತಾರೆ? ಕೇರಳದಲ್ಲಿ, ನಮ್ಮ ಕೆಲವು ಹೋಟೆಲುಗಳಲ್ಲೂ, ಬುಲ್ಸ್ ಐ, ಅಂದರೆ ಗೂಳಿಯ ಕಣ್ಣು. ಮುಂಬಯಿಯಲ್ಲಿ ಹಾಫ್ ಫ್ರೈ. ಬಂಗಾಳಿಗಳು ಇದನ್ನೇ ಪೋಚ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪೋಚ್ ಎಂದರೆ ಒಡೆದ ಮೊಟ್ಟೆಯನ್ನು ಬಿಸಿನೀರಿಗೆ ಬಿಟ್ಟು ಬೇಯಿಸಿದ್ದು. ಹಾಗಾಗಿ ಇಂಗ್ಲಿಷ್ ಪದವನ್ನು ತಮ್ಮ ಅಳತೆಗೆ ಹೊಲಿಸಿಕೊಂಡವರು ಚಿಂತಾಮಣಿಯವರು ಮಾತ್ರವಲ್ಲ. ಜರ್ಮನರಿಗೆ ಇದು ಕನ್ನಡಿ ಮೊಟ್ಟೆ, ಹಂಗೇರಿಯವರಿಗೂ ಹಾಗೆಯೇ. ಸ್ಪೇನಿನ ಭಾಷೆಯಲ್ಲಿ ನಕ್ಷತ್ರವಾದ ಮೊಟ್ಟೆ ಎಂದೊಂದು ಹೆಸರುಂಟು. ಜಪಾನಿನ 'ಮೆದಾಮಯಾಕಿ'ಗೆ ಕಣ್ಣುಗುಡ್ಡೆಯ ಹುರಿದ ತಿನಿಸು ಎಂದರ್ಥ. ರಷ್ಯನ್ನರ 'ಗ್ಲಜೂನ್ಯ' ಕಣ್ಣು ಎಂಬ ಪದದಿಂದ ಹುಟ್ಟಿದ್ದು. ಇಂಡೊನೇಷ್ಯಾದಲ್ಲಿ 'ತೆಲೂರ್ ಮಾತಾ ಸಾಪಿ', ಹಸುವಿನ ಕಣ್ಣಿನ ಮೊಟ್ಟೆ. ಕೇರಳದ ಗೂಳಿಗೂ ಇಂಡೊನೇಷ್ಯಾದ ಹಸುವಿಗೂ ನಡುವೆ ಸಮುದ್ರವಿದ್ದರೂ ಜನ ಕಂಡದ್ದು ಒಂದೇ. ತೆಲುಗಿನಲ್ಲಂತೂ ಮೊಟ್ಟೆಗೆ ಗುಡ್ಡು, ಕಣ್ಣಿನ ಗೋಲಕ್ಕೆ ಕನುಗುಡ್ಡು; ನಮ್ಮ ಕಣ್ಣುಗುಡ್ಡೆಯನ್ನೂ ನೆನಪಿಸಿಕೊಳ್ಳಿ.

ಬೇರೆಯವರಲ್ಲಿ ಹೆಚ್ಚಿನವರು ಅದು ಹೇಗೆ ಕಾಣುತ್ತದೆ ಎಂದು ನೋಡಿ ಹೆಸರಿಟ್ಟರು. ಇಂಗ್ಲಿಷರು ಹೇಗೆ ಮಾಡಿದ್ದು ಎಂಬುದನ್ನು ಹೇಳಿದರು. ನಮ್ಮವರು ಎಷ್ಟು ಬೆಂದಿದೆ ಎಂಬುದನ್ನು ಹೇಳಿದರು. ಗಾಡಿಯ ಮುಂದೆ ನಿಂತ ಹಸಿದವನಿಗೆ ಬೇಕಾದದ್ದು ಈ ಮೂರನೆಯ ಮಾಹಿತಿಯೇ ಅಲ್ಲವೇ?

ಇದೆಲ್ಲ ಭಾಷೆಯ ಮಾತಾಯಿತು. ವಿಜ್ಞಾನ ಏನು ಹೇಳುತ್ತದೆ? ಶಾಲೆಯ ಪ್ರಯೋಗಾಲಯದಲ್ಲಿ ಅದೇ ಹುಡುಗಿಗೆ ಒಂದು ಗೊಂದಲ ಎದುರಾಯಿತು. ಬೀಕರಿನಲ್ಲಿ ನೀರು ಕಾಯಿಸಿ ಕುದಿಯುವ ಬಿಂದುವನ್ನು ಅಳೆಯುವ ಪ್ರಯೋಗ. ನೀರು ತಳಮಳ ಕುದಿಯಿತು. ತಾಪಮಾಪಕದ ಪಾದರಸ ಮಾತ್ರ 97 ಡಿಗ್ರಿಯ ಬಳಿ ನಿಂತದ್ದು ಮುಂದೆ ಹೋಗಲೇ ಇಲ್ಲ. ಪುಸ್ತಕದಲ್ಲಿ 100 ಎಂದಿದೆ. ಜೊತೆಗಾರರೆಲ್ಲ ಮೆಲ್ಲಗೆ 100 ಎಂದು ಬರೆದುಕೊಂಡರು. ಅವಳು ಒಮ್ಮೆ ಬೆಂದಿದ್ದವಳಲ್ಲವೇ, 97 ಎಂದೇ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಅವಳು ಬರೆದದ್ದೇ ಸರಿ. ಚಿಂತಾಮಣಿ ಸಮುದ್ರಮಟ್ಟದಿಂದ 850 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಸುಮಾರು 300 ಮೀಟರ್ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ನೀರು ಒಂದು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲಾದರೆ 95ರ ಆಸುಪಾಸು. ಪುಸ್ತಕದ 100 ಡಿಗ್ರಿ ಸಮುದ್ರತೀರದವರದ್ದು.

ಈಗ ಕಾವಲಿಯ ಬಳಿಗೆ ಬನ್ನಿ. ಮೊಟ್ಟೆ ಬಿದ್ದಾಗ ಚುಂಯ್ ಎಂದದ್ದು ಯಾರು? ಎಣ್ಣೆಯೇ? ಕಾವಲಿಯಲ್ಲಿ ಬರಿಯ ಎಣ್ಣೆ ಕಾಯುತ್ತಿರುವಾಗ ಕಿವಿಗೊಟ್ಟು ಕೇಳಿ. ಅದು ಮೌನವಾಗಿಯೇ ಇರುತ್ತದೆ. ಕಾವು ಹೆಚ್ಚಾದರೆ ಹೊಗೆಯಾಡುತ್ತದೆ, ಕುದಿಯುವುದಿಲ್ಲ. ಅದಕ್ಕೆ ಒಂದು ಹನಿ ಮೊಟ್ಟೆಯ ಬಿಳಿ ಬಿದ್ದೊಡನೆ ಸದ್ದು. (ಈ ಪರೀಕ್ಷೆಯನ್ನು ಮಕ್ಕಳು ಒಬ್ಬರೇ ಮಾಡಕೂಡದು, ಹಿರಿಯರು ಜೊತೆಗಿರಲಿ. ಪ್ರಯೋಗಾಲಯದ ತಾಪಮಾಪಕವನ್ನು ಕಾದ ಎಣ್ಣೆಗೆ ಅದ್ದುವ ಸಾಹಸವಂತೂ ಬೇಡ. ಅದರ ಮಿತಿ ಸಾಮಾನ್ಯವಾಗಿ 110 ಡಿಗ್ರಿ, ಒಡೆದರೆ ಪಾದರಸ ಅಡುಗೆಮನೆಯ ಪಾಲು.) ಸದ್ದು ಮಾಡಿದ್ದು ಮೊಟ್ಟೆಯೊಳಗಿನ ನೀರು. ಮೊಟ್ಟೆಯ ಬಿಳಿ ಭಾಗದಲ್ಲಿ ಶೇಕಡ 88ರಷ್ಟು ನೀರೇ. ಒಂದು ಸಾಧಾರಣ ಮೊಟ್ಟೆಯ ಬಿಳಿಯಲ್ಲಿ ಆರು ಟೀ ಚಮಚದಷ್ಟು ನೀರು ಇದ್ದೀತು. ಕಾವಲಿಗೆ ತಾಗಿದ ಪದರದ ನೀರು ಆ ಕ್ಷಣವೇ ಕುದಿದು ಆವಿಯಾಗುತ್ತದೆ. ಆವಿಗೆ ನೀರಿಗಿಂತ 1600 ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಎಣ್ಣೆಯನ್ನು ಸೀಳಿಕೊಂಡು ಹೊರನುಗ್ಗುವ ಸದ್ದೇ ಆ ಚುಂಯ್. ಬಿಳಿಯ ಅಂಚಿನಲ್ಲಿ ಉಬ್ಬುವ ಗುಳ್ಳೆಗಳೂ ಅದರವೇ.

ಅಂದ ಮೇಲೆ ಲೆಕ್ಕ ತಲೆಕೆಳಗಾಯಿತು! ಇಂಗ್ಲಿಷರ 'ಬಾಯಿಲ್ಡ್ ಎಗ್'ನಲ್ಲಿ ಮೊಟ್ಟೆ ಕುದಿಯುವುದೇ ಇಲ್ಲ, ಸುತ್ತಲಿನ ನೀರು ಕುದಿಯುತ್ತದೆ. ನಮ್ಮ ಆಫ್ ಬಾಯಿಲ್‌ನಲ್ಲಿ ಮೊಟ್ಟೆಯ ಸ್ವಂತ ನೀರು, ಅದೂ ಕೆಳಗಿನ ಅರ್ಧ ಮಾತ್ರ, ನಿಜವಾಗಿ ಕುದಿಯುತ್ತದೆ. 'ಬಾಯಿಲ್' ಎಂಬ ಇಂಗ್ಲಿಷ್ ಪದವೂ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಬುಲ್ಲಾ' ಎಂಬುದರಿಂದ ಬಂದದ್ದು. ಬುಲ್ಲಾ ಎಂದರೆ ಗುಳ್ಳೆ. ಹೆಸರಿಟ್ಟವರು ಇಷ್ಟೆಲ್ಲ ಯೋಚಿಸಿ ಇಟ್ಟರೆಂದಲ್ಲ. ಆದರೂ ಹಿಂದಿನ ಬೆಂಚಿನವರ ನಗುವಿಗೆ ಇಷ್ಟು ಉತ್ತರ ಸಾಕು.

ಎಣ್ಣೆ 150 ಡಿಗ್ರಿ ದಾಟಿದ್ದರೂ ಮೊಟ್ಟೆಯ ಬಿಳಿ ಏಕೆ ಸೀದು ಕರಕಲಾಗುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಒಳಗೆ ನೀರಿರುವ ತನಕ ಕಾವೆಲ್ಲ ಆ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಒಂದು ಗ್ರಾಂ ಕುದಿನೀರು ಆವಿಯಾಗಲು 540 ಕ್ಯಾಲೊರಿ ಉಷ್ಣ ಬೇಕೆಂದು ಹತ್ತನೇ ತರಗತಿಯೊಳಗೆ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹೀಗಾಗಿ ಒದ್ದೆ ಇರುವ ಭಾಗದ ಉಷ್ಣತೆ ಕುದಿಯುವ ಬಿಂದುವಿನ ಹತ್ತಿರವೇ ನಿಲ್ಲುತ್ತದೆ. ನೀರು ಪೂರ್ತಿ ಆರಿದ ಅಂಚು ಮಾತ್ರ ಮೇಲೇರಿ, ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಆ ಬಣ್ಣಕ್ಕೂ ಘಮಕ್ಕೂ ಕಾರಣವಾದ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದರು. ದೋಸೆಯ ಕೆಂಪಿಗೂ ಅದೇ ಕಾರಣ.

ಇನ್ನು ಬೇಯುವುದೆಂದರೆ ಒಳಗೆ ಆಗುವುದಾದರೂ ಏನು? ಪಕ್ಕದ ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ನೋಡಿದವರಿಗೆ ಇದು ಸುಲಭ. ರೇಷ್ಮೆಯೂ ಪ್ರೋಟೀನು (ಸಸಾರಜನಕ), ಮೊಟ್ಟೆಯ ಬಿಳಿಯಲ್ಲಿರುವುದೂ ಪ್ರೋಟೀನು. ಗೂಡನ್ನು ಬಿಸಿನೀರಿಗೆ ಹಾಕಿದಾಗ ಎಳೆಗಳನ್ನು ಹಿಡಿದಿಟ್ಟ ಸೆರಿಸಿನ್ ಎಂಬ ಅಂಟು ಸಡಿಲವಾಗಿ ನೂಲು ಬಿಚ್ಚಿಕೊಳ್ಳುತ್ತದೆ. ಮೊಟ್ಟೆಯ ಪ್ರೋಟೀನಿನ ಅಣುಗಳೂ ಗೂಡಿನಂತೆಯೇ ಸುತ್ತಿಕೊಂಡ ಕಣ್ಣಿಗೆ ಕಾಣದ ನೂಲಿನುಂಡೆಗಳು. ಬಿಸಿ ತಾಗಿದಾಗ ಇವೂ ಬಿಚ್ಚಿಕೊಳ್ಳುತ್ತವೆ. ಆದರೆ ಇಲ್ಲಿ ಬಿಚ್ಚಿದ ಎಳೆಯನ್ನು ಸುತ್ತಿಡಲು ರಾಟೆಯಿಲ್ಲ. ಎಳೆಗೆ ಎಳೆ ಸಿಕ್ಕಿಕೊಂಡು ಬಲೆಯಾಗುತ್ತದೆ. ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿ ನಿಲ್ಲುತ್ತದೆ. ಪಾರದರ್ಶಕವಾಗಿದ್ದ ಲೋಳೆ ಬೆಳ್ಳಗೆ ಗಟ್ಟಿಯಾಗುವುದು ಹೀಗೆ. ಸಿಕ್ಕು ಬಿದ್ದ ನೂಲು ಹೇಗೆ ತಾನಾಗಿ ಉಂಡೆಯಾಗಲಾರದೋ ಹಾಗೆ ಬೆಂದ ಮೊಟ್ಟೆಯೂ ತಣ್ಣಗಾದ ಮಾತ್ರಕ್ಕೆ ಹಸಿಯಾಗದು.

ಈ ಸಿಕ್ಕು ಬೀಳುವ ಕೆಲಸ ಎಲ್ಲ ಪ್ರೋಟೀನುಗಳಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಬಿಳಿ ಭಾಗ 62 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟಲಾರಂಭಿಸುತ್ತದೆ. ಅದರಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಇರುವ ಓವಾಲ್ಬುಮಿನ್ ಎಂಬ ಪ್ರೋಟೀನು 80 ಡಿಗ್ರಿ ದಾಟುವ ತನಕ ಜಗ್ಗುವುದಿಲ್ಲ. ಹಳದಿ 65ರಲ್ಲಿ ದಪ್ಪವಾಗತೊಡಗಿ 70ಕ್ಕೆ ಗಟ್ಟಿಯಾಗುತ್ತದೆ. ಹಾಗಾದರೆ ಹಳದಿಯೇ ಮೊದಲು ಗಟ್ಟಿಯಾಗಬೇಕಿತ್ತಲ್ಲ? ಆಗುವುದಿಲ್ಲ, ಏಕೆಂದರೆ ಕಾವು ಬರುವುದು ಕೆಳಗಿನಿಂದ ಮಾತ್ರ. ಬಿಳಿಯ ಒದ್ದೆ ಹಾಸಿಗೆಯ ಮೇಲೆ ಕುಳಿತ ಹಳದಿಗೆ ಬೆಂಕಿಯ ಬಿಸಿ ತಡವಾಗಿ ಮುಟ್ಟುತ್ತದೆ. ಒಂದು ನಿಮಿಷದೊಳಗೆ ಇಳಿಸಿದರೆ ಅದು ದ್ರವವಾಗಿಯೇ ಉಳಿದಿರುತ್ತದೆ. ಮುಚ್ಚಳ ಮುಚ್ಚಿದರೆ ಕಥೆ ಬೇರೆ. ಮೇಲೆದ್ದ ಆವಿ ತಪ್ಪಿಸಿಕೊಳ್ಳಲಾರದೆ ಹಳದಿಯ ಮೇಲೆ ನೀರಾಗಿ, ತಾನು ಹೊತ್ತು ತಂದ 540 ಕ್ಯಾಲೊರಿಗಳನ್ನು ಅಲ್ಲೇ ಇಳಿಸುತ್ತದೆ. ಹಳದಿಯ ಮೇಲೆ ತೆಳುವಾದ ಬಿಳಿ ಪರದೆ ಮೂಡುತ್ತದೆ.

ಗಾಡಿಯವರ ಅನುಭವದ ಮಾತೊಂದನ್ನು ಇಲ್ಲೇ ಸೇರಿಸಬೇಕು. ಹೊಸ ಮೊಟ್ಟೆಯನ್ನು ಆಫ್ ಬಾಯಿಲಿಗೂ, ನಾಲ್ಕು ದಿನ ಹಳೆಯದನ್ನು ಆಮ್ಲೆಟ್ಟಿಗೂ ಎತ್ತಿಡುವುದು ಹುಡುಗಿಯ ತಂದೆಯ ಕ್ರಮ. ಅದಕ್ಕೂ ಕಾರಣವಿದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ದಿನ ಕಳೆದಂತೆ ಅವುಗಳ ಮೂಲಕ ಇಂಗಾಲದ ಡೈ ಆಕ್ಸೈಡು ಹೊರಹೋಗಿ ಬಿಳಿಯಲ್ಲಿ ಪ್ರತ್ಯಾಮ್ಲ ಗುಣ ಹೆಚ್ಚುತ್ತದೆ. ಗಟ್ಟಿ ಲೋಳೆ ನೀರಾಗುತ್ತದೆ. ಹಳೆಯ ಮೊಟ್ಟೆ ಕಾವಲಿಯ ಮೇಲೆ ಹರಡಿಕೊಂಡು ಹಳದಿ ಚಪ್ಪಟೆಯಾಗುವುದು, ಮುಟ್ಟಿದರೆ ಒಡೆಯುವುದು ಇದರಿಂದಲೇ. ಚಿಪ್ಪಿನೊಡನೆ ಬೇಯಿಸುವುದಾದರೆ ಮಾತ್ರ ತುಸು ಹಳೆಯದೇ ವಾಸಿ. ತೀರಾ ಹೊಸದರ ಸಿಪ್ಪೆ ಸುಲಿಯುವಷ್ಟರಲ್ಲಿ ಅರ್ಧ ಬಿಳಿ ಚಿಪ್ಪಿನ ಜೊತೆಗೇ ಹೋಗಿರುತ್ತದೆ.

ಇಲ್ಲಿಯವರೆಗೆ ತಂದೆಯ ಪಕ್ಷ ವಹಿಸಿದ್ದಾಯಿತು. 'ಅರ್ಧ' ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ತಂದೆ ತಾಯಂದಿರು ಅದನ್ನು ತಿಳಿದಿರಬೇಕು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ವಾಂತಿ, ಭೇದಿ, ಜ್ವರ ತರುವಂಥದ್ದು. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು ಅದಕ್ಕೆ ಬಂದಿದೆ, 1885ರಲ್ಲಿ ಕಂಡುಹಿಡಿದವರು ಅವರ ಕೈಕೆಳಗಿನ ಥಿಯೋಬಾಲ್ಡ್ ಸ್ಮಿತ್ ಆದರೂ. ಇದು ಕೋಳಿಯ ಹಿಕ್ಕೆಯಿಂದ ಚಿಪ್ಪಿಗೆ ಅಂಟುವುದಷ್ಟೇ ಅಲ್ಲ, ಇದರ ಒಂದು ಬಗೆ ಚಿಪ್ಪು ಮೂಡುವ ಮೊದಲೇ, ಕೋಳಿಯ ಅಂಡಾಶಯದಲ್ಲೇ ಮೊಟ್ಟೆಯೊಳಗೆ ಸೇರಿರಬಹುದು. ಹೊರಗೆ ತೊಳೆದರೆ ಹೋಗುವಂಥದ್ದಲ್ಲ. ಎಲ್ಲ ಮೊಟ್ಟೆಯಲ್ಲೂ ಇರುತ್ತದೆಂದು ಹೆದರಬೇಕಿಲ್ಲ. ಇದ್ದಾಗ ಅದನ್ನು ಕೊಲ್ಲುವುದು ಕಾವೊಂದೇ. 70 ಡಿಗ್ರಿಗೆ ಅದು ಬದುಕುವುದಿಲ್ಲ, ಹಳದಿ ಗಟ್ಟಿಯಾಗುವುದೂ ಅದೇ 70ರಲ್ಲಿ. ಆದ್ದರಿಂದ ಹಳದಿ ಗಟ್ಟಿಯಾಗಿದೆಯೇ ಎಂಬುದೇ ಮನೆಯವರ ಪಾಲಿನ ತಾಪಮಾಪಕ. ದ್ರವವಾಗಿ ಹರಿಯುವ ಹಳದಿ ಅಷ್ಟು ಬಿಸಿ ಕಂಡಿಲ್ಲವೆಂದೇ ಅರ್ಥ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಎದ್ದವರು ಆಫ್ ಬಾಯಿಲಿನ ಆಸೆಯನ್ನು ಬಿಟ್ಟು ಫುಲ್ ಬಾಯಿಲಿಗೆ ಹೋಗುವುದು ಕ್ಷೇಮ. ಬಿರುಕು ಬಿಟ್ಟ ಮೊಟ್ಟೆಯನ್ನಂತೂ ಯಾರೂ ಅರೆಬೆಂದದ್ದಾಗಿ ತಿನ್ನಬಾರದು. ಬೇಸಿಗೆಯ ಮಧ್ಯಾಹ್ನ ಟ್ರೇಗಳನ್ನು ಬಿಸಿಲಿಗೆ ಇಟ್ಟ ಗಾಡಿ ಕಂಡರೆ ಮುಂದಿನ ಗಾಡಿಗೆ ನಡೆಯಿರಿ.

ಹಸಿ ಮೊಟ್ಟೆ ಕುಡಿದರೆ ಶಕ್ತಿ ಹೆಚ್ಚು ಎಂದು ನಂಬುವ ಕಬಡ್ಡಿ ಹುಡುಗರು ಈಗಲೂ ಇದ್ದಾರೆ. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಇದನ್ನು ಅಳೆದು ನೋಡಿದರು. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇಕಡ 90ರಷ್ಟನ್ನು ದೇಹ ಅರಗಿಸಿಕೊಂಡರೆ, ಹಸಿಯದರಲ್ಲಿ ಅರ್ಧದಷ್ಟನ್ನು ಮಾತ್ರ. ಬಿಚ್ಚಿಕೊಂಡ ನೂಲನ್ನು ಕತ್ತರಿಸುವುದು ಜಠರದ ಕಿಣ್ವಗಳಿಗೆ ಸುಲಭ, ಉಂಡೆಯನ್ನು ಕತ್ತರಿಸುವುದು ಕಷ್ಟ. ಆಫ್ ಬಾಯಿಲಿನ ಬಿಳಿಯಾದರೂ ಬೆಂದಿರುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಿಂದ ಮೊದಲಾಗಿ, 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿದ ಯೋಜನೆಯಲ್ಲಿ ಕೊಟ್ಟದ್ದು ಚಿಪ್ಪಿನೊಡನೆ ಪೂರ್ತಿ ಬೇಯಿಸಿದ ಮೊಟ್ಟೆಯನ್ನೇ, ತಿನ್ನದವರಿಗೆ ಬಾಳೆಹಣ್ಣು. ನೂರಾರು ಮಕ್ಕಳಿಗೆ ಬಡಿಸುವಾಗ ಅದೇ ಸರಿ. ಅತಿಯಾಗಿ ಬೇಯಿಸಿದಾಗ ಹಳದಿಯ ಸುತ್ತ ಹಸಿರುಬೂದಿಯ ಉಂಗುರ ಕಂಡರೆ ಕೆಟ್ಟಿದೆಯೆಂದು ಎಸೆಯಬೇಡಿ. ಬಿಳಿಯ ಗಂಧಕ ಹಳದಿಯ ಕಬ್ಬಿಣವನ್ನು ಕೂಡಿ ಆದ ಬಣ್ಣ ಅದು.

ಹುಡುಗಿಯ ಮನೆಯ ಬೋರ್ಡು ಏನಾಯಿತು? ಬಣ್ಣ ಮಾಸಿದ್ದರಿಂದ ಅದನ್ನು ಹೇಗೂ ಹೊಸದಾಗಿ ಬರೆಸಬೇಕಿತ್ತು. ಪೇಂಟರು ಬಂದಾಗ ತಂದೆ ಮಗಳನ್ನು ಮುಂದೆ ಬಿಟ್ಟರು. "ನೀನೇ ಹೇಳಮ್ಮಾ, ಏನು ಬರೀಬೇಕು?"

ಪೇಂಟರು ಓದಿದವರು. "ಆಫ್ ಅಲ್ಲ, ಹಾಫ್. ಹಕಾರ ಹಾಕಿಬಿಡಲಾ?" ಎಂದರು.

"ಬೇಡಿ ಅಣ್ಣಾ, ಇದ್ದ ಹಾಗೇ ಇರಲಿ" ಎಂದಳು ಹುಡುಗಿ. ಆಮೇಲೆ ನೋಟ್‌ಬುಕ್ಕಿನ ಹಾಳೆಯೊಂದನ್ನು ಕೈಗಿತ್ತು, ಕೆಳಗೆ ಇನ್ನೊಂದು ಸಾಲು ಸೇರಿಸಲು ಹೇಳಿದಳು. ಮೊದಲ ಸಾಲುಗಳನ್ನು ದೊಡ್ಡದಾಗಿ ಬರೆದುಬಿಟ್ಟಿದ್ದ ಪೇಂಟರಿಗೆ ಜಾಗ ಸಾಲಲಿಲ್ಲ. 'ಚಿಕ್ಕ ಮಕ್ಕಳಿಗೆ ಫುಲ್ ಬಾಯಿಲ್ ಮಾತ್ರ' ಎಂಬುದರಲ್ಲಿ 'ಮಾತ್ರ' ಎಂಬ ಪದ ಬೋರ್ಡಿನ ಅಂಚಿನಲ್ಲಿ ಓರೆಯಾಗಿ, ತೀರ ಸಣ್ಣದಾಗಿ ಕೂತಿದೆ.